‘ಬರೀ ಫಾರ್ಮಾಲಿಟಿ’ ಅಂತ ಕೊಟ್ಟ ಎನ್‌ಡಿಎ, ನಾನ್-ಕಂಪೀಟ್‌ಗೆ ಸಹಿ ಹಾಕಬಹುದಾ?

ಹಾಕಬಹುದು, ಇವತ್ತೇ ಬೇಡ. ಹೊಸ ಕೆಲಸದ ಆಫರ್ ಜೊತೆ ಎನ್‌ಡಿಎ (ಕಂಪನಿಯ ಗುಟ್ಟು ಬಿಡುವುದಿಲ್ಲ ಅನ್ನುವ ಕರಾರು), ನಾನ್-ಕಂಪೀಟ್ (ಪ್ರತಿಸ್ಪರ್ಧಿ ಕಂಪನಿ ಸೇರುವುದಿಲ್ಲ ಅನ್ನುವ ಕರಾರು) ಎರಡೂ ಕಾಗದ ಬಂದಿವೆ, ನಾಳೆಯೊಳಗೆ ಸಹಿ ಹಾಕಿ ಕಳಿಸಿ ಅಂತ ಎಚ್‌ಆರ್ ಹೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಬರೀ ಫಾರ್ಮಾಲಿಟಿಯಾದರೆ ಎರಡು ದಿನ ತಡವಾದರೆ ಅವರ ಗಂಟೇನು ಹೋಗುತ್ತದೆ? ಓದಲು ಟೈಮ್ ಬೇಕು ಅಂತ ಮೇಲ್ ಹಾಕಿ.

ನಾನು ಓದದೇ ಸಹಿ ಹಾಕಿದವನು. ಕೆಲಸ ಸಿಕ್ಕ ಖುಷಿಯಲ್ಲಿ ಅಷ್ಟೊಂದು ಪುಟ ಯಾರು ಓದುತ್ತಾರೆ? ಎರಡು ವರ್ಷದ ನಂತರ ಬಿಟ್ಟು ಬೇರೆ ಕಡೆ ಸೇರಿದೆ, ತಿಂಗಳು ತುಂಬುವ ಮೊದಲೇ ಲಾಯರ್ ನೋಟಿಸ್ ಬಂತು. ನಾನು ನಾನ್-ಕಂಪೀಟ್ ನೆನೆದು ನಡುಗುತ್ತಿದ್ದರೆ, ನಾನು ಹಿಡಿದ ವಕೀಲರು ಆ ಪುಟ ತಿರುವಿ ಹಾಕಿ ಎನ್‌ಡಿಎ ಮೇಲೆ ಬೆರಳಿಟ್ಟರು. ‘ನಿಮಗೆ ತಲೆನೋವು ಇರುವುದು ಇಲ್ಲಿ.’

ಯಾಕೆ ಅಂದರೆ, ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನುವ ಷರತ್ತು ಎಲ್ಲ ಕಡೆ ನಡೆಯುವುದಿಲ್ಲ. ಭಾರತದಲ್ಲಿ 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. (ಕೆಲಸದಲ್ಲಿರುವಾಗಲೇ ಪ್ರತಿಸ್ಪರ್ಧಿಗೆ ದುಡಿಯಬಾರದು ಅನ್ನುವುದು ಬೇರೆ, ಅದು ನಡೆಯುತ್ತದೆ.) ಕ್ಯಾಲಿಫೋರ್ನಿಯಾದಲ್ಲೂ ನಿಲ್ಲುವುದಿಲ್ಲ. ಬ್ರಿಟನ್‌ನಲ್ಲಿ ಅವಧಿ, ವ್ಯಾಪ್ತಿ ಅತಿಯಾಗಿರದಿದ್ದರೆ ಕೋರ್ಟ್ ಒಪ್ಪಬಹುದು. ಅಮೆರಿಕದಲ್ಲಿ ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯೇ ಅಂತ ನೋಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇಂಥ ಷರತ್ತಿಗೆ ದೇಶಕ್ಕೆಲ್ಲ ನಿಷೇಧ ತರಲು ಹೊರಟಿತ್ತು, ಜಾರಿಗೆ ಬರುವ ಮೊದಲೇ ಟೆಕ್ಸಾಸ್‌ನ ಕೋರ್ಟೊಂದು ಅದನ್ನು ರದ್ದು ಮಾಡಿತು. ಹಾಗಾಗಿ ಯಾವ ದೇಶದ ಕಾನೂನು, ಯಾವ ಕೋರ್ಟ್ ಅಂತ ಬರೆದಿದೆ ನೋಡಿ. ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ.

ಗುಟ್ಟು ಬಿಡಬಾರದು ಅನ್ನುವ ಷರತ್ತಿಗೆ ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಬೆಲೆ ಇದೆ. ಗುಟ್ಟು ಅಂದರೆ ಏನು? ನನ್ನದರಲ್ಲಿ ‘ಕೆಲಸದ ಅವಧಿಯಲ್ಲಿ ತಿಳಿದ ಎಲ್ಲ ಮಾಹಿತಿ’ ಅಂತಿತ್ತು. ಎಲ್ಲ ಅಂದರೆ ಎಲ್ಲ! ನಾನು ಅಲ್ಲಿಗೆ ಸೇರುವ ಮುಂಚೆಯೇ ಮಾಡಿಕೊಂಡಿದ್ದ ಒಂದು ಲೆಕ್ಕದ ಶೀಟ್ ಕೂಡ ಅವರದೇ ಅಂದರು. ಹಳೇ ಮೇಲ್‌ಗಳಲ್ಲಿ ಅದರ ಪ್ರತಿ, ತಾರೀಖು ಸಮೇತ ಸಿಕ್ಕಿತು, ಅದಕ್ಕೆ ಬಚಾವಾದೆ.

ನೀವು ನಾಲ್ಕು ವಿನಾಯಿತಿ ಕೇಳಿ: ಈಗಾಗಲೇ ಜನರಿಗೆ ಗೊತ್ತಿರುವುದು, ನಿಮಗೆ ಮೊದಲೇ ಗೊತ್ತಿದ್ದದ್ದು, ಅವರ ಮಾಹಿತಿ ಮುಟ್ಟದೆ ನೀವೇ ಮಾಡಿದ್ದು, ಕಾನೂನು ಕೇಳಿದಾಗ ಹೇಳಲೇಬೇಕಾದದ್ದು. ನಿಮ್ಮ ಹಳೇ ಕೆಲಸಗಳ ಪಟ್ಟಿಯನ್ನು ಕರಾರಿಗೇ ಲಗತ್ತಿಸಿ. ರಜೆಯಲ್ಲಿ ಸ್ವಂತಕ್ಕೆ ಮಾಡಿದ್ದು ಯಾರದು ಅಂತಲೂ ನೋಡಿ, ಆ ಸಾಲು ಎಲ್ಲೋ ಮಧ್ಯದಲ್ಲಿ ಅಡಗಿರುತ್ತದೆ. ಅವಧಿಯನ್ನೂ ಬರೆಸಿ. ನಿಜವಾದ ವ್ಯಾಪಾರದ ಗುಟ್ಟು ಎಷ್ಟು ವರ್ಷವಾದರೂ ಗುಟ್ಟೇ, ಸರಿ, ಉಳಿದ ಚಿಲ್ಲರೆ ವಿಷಯಕ್ಕೂ ಜೀವನಪರ್ಯಂತ ಬಾಯಿ ಮುಚ್ಚಿಕೊಂಡಿರಬೇಕಾ? ‘ಎಚ್‌ಆರ್ ಬಾಯಲ್ಲಿ ಹೇಳಿದ್ದಾರಲ್ಲ’ ಅಂತ ನಂಬಬೇಡಿ, ಆ ಎಚ್‌ಆರ್ ನಿಮಗಿಂತ ಮೊದಲೇ ಕೆಲಸ ಬಿಟ್ಟಿರಬಹುದು.

ಒಂದಕ್ಷರವೂ ಬದಲಾಯಿಸಲ್ಲ ಅಂದರೆ ಒಮ್ಮೆ ವಕೀಲರಿಗೆ ತೋರಿಸಿ, ಆ ಫೀಸು ದಂಡವಲ್ಲ. ಇನ್ನೊಂದು, ಸಹಿಯಾದ ಪ್ರತಿ ನಿಮ್ಮ ಸ್ವಂತ ಮೇಲ್‌ನಲ್ಲಿರಲಿ. ನನ್ನದು ಆಫೀಸ್ ಮೇಲ್‌ನಲ್ಲಿತ್ತು, ಬಿಟ್ಟ ದಿನವೇ ಅದು ಬಂದ್ ಆಯಿತು. ನಾನೇ ಸಹಿ ಹಾಕಿದ ಕಾಗದವನ್ನು ನೋಟಿಸ್ ಕಳಿಸಿದವರ ಹತ್ತಿರವೇ ಕೇಳಿ ತರಿಸಿಕೊಳ್ಳಬೇಕಾಯಿತು.