ಚುನಾವಣೆ ಹತ್ತಿರವಿರುವ ದೇಶದ ಆರ್ಡರ್: ಒಪ್ಪುವುದೋ ಬಿಡುವುದೋ?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರಸ್ತೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೇನೆ. ಆಫ್ರಿಕಾದ ಒಂದು ದೇಶದ ಕುಡಿಯುವ ನೀರಿನ ಯೋಜನೆಗೆ ವಾಲ್ವ್ ಕಳಿಸಿ, ಅಲ್ಲೇ ಜೋಡಿಸಿಕೊಡುವ ಆರ್ಡರ್ ಬಂದಿದೆ. ಕೊಳ್ಳುವುದು ಸರ್ಕಾರಿ ಮಂಡಳಿ. ಮುಂದಿನ ವರ್ಷ ಅಲ್ಲಿ ಚುನಾವಣೆ. "ಅಲ್ಲೇನ್ ಗದ್ದಲಿಲ್ಲ, ಹೂಂ ಅಂದ್ಬಿಡ್ರಿ" ಅಂತಾರೆ ಮಾಲೀಕರು. ದೊಡ್ಡ ಕಂಪನಿಗಳ ಮ್ಯಾನೇಜರ್‌ಗಳು ಇಂಥ ರಾಜಕೀಯ ಅಪಾಯವನ್ನು ಹೇಗೆ ಅಳೆಯುತ್ತಾರೆ?

ಉತ್ತರ: ನಿಜ ಹೇಳಬೇಕೆಂದರೆ, ಅಲ್ಲೂ ಎಷ್ಟೋ ಮಂದಿ ಅಂದಾಜಿನ ಮೇಲೇ ಹೋಗುತ್ತಾರೆ. ಟಿವಿಯಲ್ಲಿ ಟ್ಯಾಂಕು, ಬೆಂಕಿ ಕಂಡರೆ ಆ ದೇಶ ಬೇಡ, ಕಾಣದಿದ್ದರೆ ಚಿಂತೆಯಿಲ್ಲ. ಕೆಲವರು ಬೆಲೆಗೆ ಒಂದಿಷ್ಟು ಪರ್ಸೆಂಟ್ ಏರಿಸಿ ಸುಮ್ಮನಾಗುತ್ತಾರೆ. ದುಡ್ಡೇ ಬಾರದಿದ್ದರೆ ಏರಿಸಿ ಏನು ಬಂತು?

ಹೊಡೆತ ಬೀಳಲು ಗದ್ದಲ ಬೇಕಿಲ್ಲ. ಮಾಲ್ಡೀವ್ಸ್‌ನ ಮಾಲೆ ವಿಮಾನ ನಿಲ್ದಾಣದ ಗುತ್ತಿಗೆ 2010ರಲ್ಲಿ ನಮ್ಮ ದೇಶದ ಜಿಎಂಆರ್ ಕಂಪನಿ ಮತ್ತು ಅದರ ಪಾಲುದಾರರಿಗೆ ಸಿಕ್ಕಿತ್ತು. 2012ರ ಫೆಬ್ರವರಿಯಲ್ಲಿ ಅಧ್ಯಕ್ಷರು ಬದಲಾದರು, ನವೆಂಬರ್‌ನಲ್ಲಿ ಗುತ್ತಿಗೆ ರದ್ದಾಯಿತು. ಸುಮಾರು 27 ಕೋಟಿ ಡಾಲರ್ ಪರಿಹಾರದ ತೀರ್ಪು ಬಂದದ್ದು 2016ರಲ್ಲಿ. ಅಷ್ಟು ವರ್ಷ ಕಾಯುವ ತಾಕತ್ತು ನಿಮ್ಮ ಕಾರ್ಖಾನೆಗೆ ಇದೆಯಾ? ಶ್ರೀಲಂಕಾದಲ್ಲಿ 2022ರಲ್ಲಿ ಆದದ್ದೇ ಬೇರೆ. ಕೊಂಡವರ ಕೈಯಲ್ಲಿ ಅಲ್ಲಿನ ರೂಪಾಯಿ ಇದ್ದರೂ ಬ್ಯಾಂಕುಗಳಲ್ಲಿ ಹೊರದೇಶಕ್ಕೆ ಕಳಿಸಲು ಡಾಲರ್ ಇರಲಿಲ್ಲ.

ಇದೆಲ್ಲ ಬೇರೆ ದೇಶದ ಕಥೆ ಅಂದುಕೊಳ್ಳಬೇಡಿ. 2023ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿದ್ದು ಗದಗ, ಧಾರವಾಡದ ರೈತರಿಗೆ ಗೊತ್ತು. ಹೊರಗಿನ ಖರೀದಿದಾರರ ಲೆಕ್ಕದಲ್ಲಿ ಆಗ ಅಪಾಯದ ದೇಶ ನಮ್ಮದೇ, ಅಲ್ವಾ?

ಹಾಗಾಗಿ ದೇಶ ಹೇಗಿದೆ ಅನ್ನುವುದಕ್ಕಿಂತ ನಿಮ್ಮ ಒಪ್ಪಂದ ಹೇಗಿದೆ ಅಂತ ನೋಡಿ. ಮೊದಲು, ಯೋಜನೆಗೆ ದುಡ್ಡು ಯಾರದು? ವಿಶ್ವಬ್ಯಾಂಕಿನಂಥ ಸಂಸ್ಥೆಯ ಸಾಲವಾದರೆ ಸ್ವಲ್ಪ ನೆಮ್ಮದಿ. ಮಂಡಳಿಯ ಸ್ವಂತ ಬಜೆಟ್ ಆದರೆ ಹಿಂದಿನವರು ಕೊಟ್ಟ ಆರ್ಡರ್‌ನ ಬಿಲ್ಲನ್ನು ಹೊಸಬರು ಬದಿಗೆ ಸರಿಸುವುದು ಸುಲಭ. ಎಲ್‌ಸಿ, ಅಂದರೆ ಕಾಗದಪತ್ರ ಸರಿಯಿದ್ದರೆ ದುಡ್ಡು ಕೊಡುತ್ತೇನೆಂಬ ಅವರ ಬ್ಯಾಂಕಿನ ಭರವಸೆ ಪತ್ರ, ಕೊಡುತ್ತೇವೆ ಅಂದರೂ ಸಾಲದು, ಆ ದೇಶದ ಹೊರಗಿನ ಬ್ಯಾಂಕ್ ಅದನ್ನು ಕನ್ಫರ್ಮ್ ಮಾಡಿರಬೇಕು, ಅಂದರೆ ಆ ದುಡ್ಡಿಗೆ ತಾನೂ ಹೊಣೆ ಅಂತ ಒಪ್ಪಿರಬೇಕು. ಕೆಲಸ ಸರಿಯಾಗಿ ಮುಗಿಸುತ್ತೇವೆ ಅಂತ ನೀವು ಕೊಡುವ ಬ್ಯಾಂಕ್ ಗ್ಯಾರಂಟಿಯ ಒಕ್ಕಣೆಯನ್ನೂ ಸಾಲು ಸಾಲಾಗಿ ಓದಿ. ಕಾರಣ ಹೇಳದೆ ಅದನ್ನು ಜಪ್ತು ಮಾಡಿಕೊಳ್ಳಬಹುದು ಎಂದು ಎಷ್ಟೋ ಸಲ ಅದರಲ್ಲೇ ಬರೆದಿರುತ್ತದೆ.

ರಫ್ತು ಮಾಡಿದ ಮಾಲಿಗೆ ದುಡ್ಡು ಬಾರದಿದ್ದರೆ ನಷ್ಟ ತುಂಬಿಕೊಡುವ ಇಸಿಜಿಸಿ ವಿಮೆ ಇದೆ. ಕೇಂದ್ರ ಸರ್ಕಾರದ ಈ ಕಂಪನಿ 1957ರಿಂದ ಇದೇ ಕೆಲಸದಲ್ಲಿದೆ, ದೇಶಗಳನ್ನು ಅಪಾಯದ ಲೆಕ್ಕದಲ್ಲಿ ಏಳು ಗುಂಪು ಮಾಡಿದೆ. ಯುದ್ಧ, ಆಮದು ನಿಷೇಧ, ಡಾಲರ್ ತಡೆ ಇಂಥವಕ್ಕೆ ರಕ್ಷಣೆ ಸಿಗುತ್ತದೆ. ಆದರೆ ನಷ್ಟ ಪೂರ್ತಿ ತುಂಬಿಕೊಡುವುದಿಲ್ಲ, ಮಾಲಿನ ಗುಣಮಟ್ಟದ ತಕರಾರು ಇದ್ದರೆ ಸಿಗುವುದೇ ಇಲ್ಲ. ಸಾಮಾನ್ಯ ಪಾಲಿಸಿ ಶುರುವಾಗುವುದು ಮಾಲು ಹಡಗು ಹತ್ತಿದ ಮೇಲೆ. ನಿಮ್ಮ ತೊಂದರೆ ಅದಕ್ಕೂ ಮುಂಚೆಯೇ ಇದೆ. ಅವರ ಅಳತೆಗೆ ಮಾಡಿದ, ಮಂಡಳಿಯ ಹೆಸರು ಎರಕದಲ್ಲೇ ಮೂಡಿದ ವಾಲ್ವ್ ಗೋದಾಮಿನಲ್ಲಿ ಉಳಿದರೆ ಗುಜರಿಗೇ ಹೋಗಬೇಕು. ಒಪ್ಪಂದದ ದಿನದಿಂದಲೇ ರಕ್ಷಣೆ ಕೊಡುವ ಪಾಲಿಸಿಯನ್ನು ಸಹಿಗೆ ಮೊದಲೇ ಕೇಳಿ.

ಮಂಡಳಿಯ ಸ್ವಂತ ದುಡ್ಡಾಗಿದ್ದು, ಕನ್ಫರ್ಮ್ ಆದ ಎಲ್‌ಸಿಗೂ ಅವರು ಒಪ್ಪದಿದ್ದರೆ? ನಾನಾಗಿದ್ದರೆ ಜೋಡಿಸುವ ಕೆಲಸವನ್ನು ಅಲ್ಲಿನ ಗುತ್ತಿಗೆದಾರರಿಗೆ ಬಿಟ್ಟು, ಅಡ್ವಾನ್ಸ್ ಬಂದಷ್ಟಕ್ಕೇ ವಾಲ್ವ್‌ಗಳನ್ನು ಕಂತುಕಂತಾಗಿ ಕಳಿಸುತ್ತಿದ್ದೆ. ಮಾಲೀಕರು ಮುಖ ಗಂಟಿಕ್ಕಿದರೂ ಸರಿ.