ಜೋಡಿ ನಡುವೆ ಕೆಮಿಸ್ಟ್ರಿ ಇಲ್ಲ ಅಂತ ನಾಯಕಿಯನ್ನು ಬದಲಾಯಿಸಬೇಕಾ?

ಬೇಡ. ದಯವಿಟ್ಟು ಇನ್ನೊಂದು ವಾರ ತಡೆಯಿರಿ. ನಿಮ್ಮ ಧಾರಾವಾಹಿಯ ನಾಯಕ, ನಾಯಕಿ ಇಬ್ಬರೂ ಒಳ್ಳೆಯ ನಟರು, ಆದರೂ ಪ್ರೀತಿಯ ದೃಶ್ಯಗಳು ಸಪ್ಪೆ ಅಂತ ಬರೆದಿದ್ದೀರಿ. ನಾನು ಸಂಚಿಕೆ ನಿರ್ದೇಶಕನಾಗಿದ್ದ ಧಾರಾವಾಹಿಯಲ್ಲೂ ಇದೇ ಮಾತು ಬಂತು. ನಾಯಕಿಯನ್ನು ತೆಗೆದೆವು. ತೆಗೆಯೋಣ ಅಂದವನು ನಾನೇ.

ದಿನಕ್ಕೊಂದು ಸಂಚಿಕೆ, ಅಂದರೆ ಸುಮಾರು 22 ನಿಮಿಷದ ದೃಶ್ಯ ಮುಗಿಸಬೇಕಿತ್ತು. ನಾಯಕ ಸಿಗುತ್ತಿದ್ದದ್ದು ಬೆಳಿಗ್ಗೆ, ನಾಯಕಿ ಹೆಚ್ಚಾಗಿ ಮಧ್ಯಾಹ್ನ. ಒಟ್ಟಿಗೆ ಇರುತ್ತಿದ್ದದ್ದು ಒಂದು ಗಂಟೆ. ಅಷ್ಟರಲ್ಲಿ ಇಡೀ ದೃಶ್ಯ ಒಂದೇ ಫ್ರೇಮಿನಲ್ಲಿ ಬರುವ ಒಂದು ಮಾಸ್ಟರ್ ಶಾಟ್ ತೆಗೆದುಬಿಡುತ್ತಿದ್ದೆ. ಕ್ಲೋಸಪ್‌ಗಳೆಲ್ಲ ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬೊಬ್ಬರದೇ. ನಾಯಕಿ ನಾಯಕನನ್ನು ನೋಡುವಂತೆ ಲುಕ್ ಕೊಡಬೇಕಾದದ್ದು ಲೈಟ್ ಸ್ಟ್ಯಾಂಡಿಗೆ ಅಂಟಿಸಿದ ಟೇಪಿಗೆ. ನಾಯಕನ ಮಾತನ್ನು ಸಹಾಯಕ ಓದುತ್ತಿದ್ದ, ನಾಯಕಿಯ ಮಾತನ್ನೂ ಅವನೇ ಪ್ರಾಂಪ್ಟ್ ಮಾಡುತ್ತಿದ್ದ, ಅಂದರೆ ಮೊದಲೇ ಹೇಳಿಕೊಡುತ್ತಿದ್ದ. ಎರಡೂ ಒಂದೇ ದನಿ, ಒಂದೇ ವೇಗ.

ಈ ಧೈರ್ಯ ನನಗೆ ಬಂದದ್ದು ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಅವರ ಪ್ರಯೋಗದ ಬಗ್ಗೆ ಓದಿ. ಒಬ್ಬ ನಟನ ಒಂದೇ ಮುಖ. ಆ ಶಾಟ್‌ಗೆ ಜೋಡಿಸಿದ್ದು ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಗು, ಒಮ್ಮೆ ಒಬ್ಬ ಹೆಂಗಸು. ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ಆಸೆ ಕಂಡರಂತೆ. ಹಾಗಾದರೆ ಭಾವ ಎಡಿಟಿಂಗ್‌ನಲ್ಲೇ ಹುಟ್ಟುತ್ತದೆ ಅಂದುಕೊಂಡೆ. ಆದರೆ ಸೂಪು ನಟನಿಗೆ ಉತ್ತರ ಕೊಡಬೇಕಾಗಿರಲಿಲ್ಲ, ಅಲ್ವಾ? ಪ್ರೀತಿಯ ದೃಶ್ಯದಲ್ಲಿ ಎದುರಿಗಿರುವವರು ಉತ್ತರ ಕೊಡುತ್ತಾರೆ. ಅವರು ಒಂದು ಪದಕ್ಕೆ ತಡವರಿಸಿದರೆ ಇವರ ಉಸಿರು ನಿಲ್ಲುತ್ತದೆ. ಮಾತು ಮುಗಿಯುವ ಮೊದಲೇ ಕಣ್ಣಲ್ಲಿ ಉತ್ತರ ಶುರುವಾಗಿರುತ್ತದೆ. ನಮ್ಮ ಫುಟೇಜ್‌ನಲ್ಲಿ ಇಬ್ಬರೂ ತಮ್ಮ ಸರದಿಗೆ ಕಾಯುತ್ತಿದ್ದರು, ಅಷ್ಟೇ. ಪ್ರತಿ ಮಾತಿಗೂ ಮುಂಚೆ, ಪ್ರಾಂಪ್ಟ್ ಕಿವಿಗೆ ಬೀಳುವವರೆಗೆ, ಮುಖ ಖಾಲಿ. ಎಡಿಟರ್ ಆ ಖಾಲಿಯನ್ನು ಕತ್ತರಿಸಿದರು, ಸ್ಲೋ ಮೋಷನ್ ಮಾಡಿದರು, ಸಂಗೀತ ತುಂಬಿದರು. ಟೇಪು ನೋಡುವ ಕಣ್ಣು ಟೇಪನ್ನೇ ನೋಡುತ್ತಿತ್ತು.

ಹೊಸ ನಾಯಕಿ ಬಂದರು. ಮೂರು ವಾರಕ್ಕೆ ಮತ್ತೆ ಅದೇ ದೂರು.

ಆಗ ಹಳೆಯ ಆಡಿಷನ್ ಹುಡುಕಿ ನೋಡಿದೆ. ಅದೇ ನಾಯಕ, ನಾವು ಕಳಿಸಿಬಿಟ್ಟ ಅದೇ ನಾಯಕಿ, ಎದುರುಬದುರು ಕುರ್ಚಿ, ಒಂದೇ ಫ್ರೇಮು. ನಾಯಕ ಮಾತು ಮರೆತರು. ನಾಯಕಿ ಏನೂ ಹೇಳದೆ ಸ್ವಲ್ಪ ಮುಂದಕ್ಕೆ ಬಾಗಿ ಕಾದರು. ನಾಯಕನ ಕಿವಿ ಕೆಂಪಾಯಿತು. ನಮಗೆ ಬೇಕಾಗಿದ್ದದ್ದು ಮೊದಲ ದಿನದಿಂದಲೂ ಅಲ್ಲಿತ್ತು. ಆ ನಾಯಕಿಗೆ ಫೋನ್ ಮಾಡಿ ತಪ್ಪು ನನ್ನದು ಅಂದೆ. ‘ಟೇಪು ಯಾವಾಗಲೂ ಅವರ ಕಣ್ಣಿಗಿಂತ ಒಂದು ಗೇಣು ಮೇಲಿರುತ್ತಿತ್ತು ಸರ್’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ‘ಯಾರನ್ನು ಬದಲಾಯಿಸಲಿ’ ಅನ್ನುವ ಪ್ರಶ್ನೆಯೇ ತಪ್ಪು ಅಂತ ನನಗನಿಸುತ್ತದೆ. ಅಪ್ಪಿಕೊಳ್ಳುವ ಸೀನ್ ಜಾಸ್ತಿ ಬರೆಸುವುದೂ ಬೇಡ. ಸೆಟ್ ಹೊರಗೆ ಅವರಿಬ್ಬರೂ ಮಾತಾಡುವುದಿಲ್ಲ ಅಂದಿರಿ, ಅದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸ್ನೇಹ ಇಲ್ಲದಿದ್ದರೂ ನಡೆಯುತ್ತದೆ, ಶಾಟ್‌ನಲ್ಲಿ ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳಬೇಕು. ಕ್ಲೋಸಪ್ ಯಾರದ್ದೇ ಆಗಲಿ, ಇನ್ನೊಬ್ಬರು ಕ್ಯಾಮೆರಾ ಪಕ್ಕದಲ್ಲೇ ನಿಂತು ಪೂರ್ತಿ ಅಭಿನಯಿಸಲಿ. ಅದಕ್ಕೆ ಕಾಲ್‌ಶೀಟ್, ಅಂದರೆ ಇಬ್ಬರೂ ಸೆಟ್‌ಗೆ ಬರುವ ಸಮಯ, ಹೊಂದಿಸುವ ಜಗಳವನ್ನು ಚಾನೆಲ್ ಜೊತೆ ನೀವೇ ಆಡಬೇಕು.

ಇನ್ನೊಂದು, ಸ್ಯಾನ್‌ಫರ್ಡ್ ಮೈಸ್ನರ್ ಅನ್ನುವ ಅಮೆರಿಕದ ನಟನಾ ಗುರುವಿನ ಅಭ್ಯಾಸ. ಇಬ್ಬರೂ ಎದುರು ಕೂರಬೇಕು. ಒಬ್ಬರು ಕಂಡದ್ದನ್ನು ಹೇಳಬೇಕು, ‘ನೀನು ನಗುತ್ತಿದ್ದೀಯ’. ಇನ್ನೊಬ್ಬರು ಅದನ್ನೇ ತಿರುಗಿಸಿ, ‘ನಾನು ನಗುತ್ತಿದ್ದೇನೆ’. ಹೀಗೇ ಮತ್ತೆ ಮತ್ತೆ. ಸ್ವಲ್ಪ ಹೊತ್ತಿಗೆ ತಮ್ಮ ಮುಖ ಹೇಗೆ ಕಾಣುತ್ತಿದೆ ಅನ್ನುವ ಚಿಂತೆ ಬಿಟ್ಟು ಎದುರಿನ ಮುಖ ನೋಡತೊಡಗುತ್ತಾರೆ. ಶಾಟ್‌ಗೆ ಮುಂಚೆ ಹತ್ತು ನಿಮಿಷ ಇದನ್ನು ಮಾಡಿಸಿ. ಆಮೇಲೆ ಒಂದು ಸೀನನ್ನು ಇಬ್ಬರೂ ಒಂದೇ ಫ್ರೇಮಿನಲ್ಲಿರುವ ಟೂ ಶಾಟ್‌ನಲ್ಲಿ, ಪ್ರಾಂಪ್ಟಿಂಗ್ ಇಲ್ಲದೆ, ಕಟ್ ಹೇಳದೆ ತೆಗೆಯಿರಿ. ಸಂಗೀತ ಹಾಕದೆ ನೋಡಿ.