ನೇರಳೆ ಹಣ್ಣು, ಮಂಡಿನೋವು ಮತ್ತು ಬ್ಲೂಬೆರಿ ಡಬ್ಬಿ

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರ: "ನಮ್ಮ ಅತ್ತೆಗೆ ಎರಡೂ ಮಂಡಿ ಊದಿಕೊಂಡು ನೋವು. ಸವೆತ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ಮಗ ಬ್ಲೂಬೆರಿ ಕ್ಯಾಪ್ಸೂಲ್ ತಂದಿದ್ದಾನೆ. ಇದು ಉರಿಯೂತ ಇಳಿಸುತ್ತೆ, ಮಾತ್ರೆ ಬಿಡಬಹುದು ಅಂತಾನೆ. ನಿಜವೇ? ನಮ್ಮ ತೋಟದ ನೇರಳೆಗೆ, ಮದ್ದುಸೊಪ್ಪಿಗೆ ಆ ಗುಣ ಇಲ್ಲವೇ? ಅತ್ತೆಗೆ ಸಕ್ಕರೆ ಕಾಯಿಲೆಯೂ ಇದೆ."

ನಮಸ್ಕಾರ ಅಮ್ಮ. ಮಾತ್ರೆ ಬಿಡಿಸಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಗಂತ ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ.

ಬ್ಲೂಬೆರಿಯ ಕಡುನೀಲಿ, ಸ್ಟ್ರಾಬೆರಿಯ ಕೆಂಪು, ನೇರಳೆ ತಿಂದಾಗ ನಾಲಿಗೆಗೆ ಹಿಡಿಯುವ ಬಣ್ಣ, ಇವೆಲ್ಲಕ್ಕೂ ಆಂಥೋಸಯನಿನ್ ಎಂಬ ಒಂದೇ ಜಾತಿಯ ವಸ್ತುಗಳು ಕಾರಣ. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಇವನ್ನು ಹಾಕಿದರೆ ಉರಿಯೂತ ಹೊತ್ತಿಸುವ ಸಂಕೇತಗಳು ತಗ್ಗುತ್ತವೆ. ಆದರೆ ಅಲ್ಲಿ ಹಾಕುವಷ್ಟು ಪ್ರಮಾಣ ನಮ್ಮ ರಕ್ತಕ್ಕೆ ಸೇರುವುದೇ ಇಲ್ಲ. ತಿಂದದ್ದರಲ್ಲಿ ತುಂಬಾ ಸ್ವಲ್ಪ ಮಾತ್ರ ಹಾಗೇ ರಕ್ತಕ್ಕೆ ಹೋಗುತ್ತದೆ. ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಸಣ್ಣ ಆಮ್ಲಗಳಾಗಿ ಮಾಡುತ್ತವೆ. ಅಸಲಿ ಕೆಲಸ ಈ ತುಣುಕುಗಳದ್ದೇ ಇರಬೇಕು ಎಂದು ಈಗ ಅನೇಕ ಸಂಶೋಧಕರು ಹೇಳುತ್ತಾರೆ. ಒಬ್ಬೊಬ್ಬರ ಕರುಳೂ ಬೇರೆ, ಅದಕ್ಕೇ ಫಲವೂ ಒಂದೇ ಥರ ಇರುವುದಿಲ್ಲ.

ಮನುಷ್ಯರ ಮೇಲೆ ಏನು ಕಂಡಿದೆ? 2013ರಲ್ಲಿ ಅಮೆರಿಕದ ಸುಮಾರು 93,600 ನರ್ಸ್‌ಗಳನ್ನು 18 ವರ್ಷ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಆಂಥೋಸಯನಿನ್ ಜಾಸ್ತಿ ತಿನ್ನುತ್ತಿದ್ದವರಲ್ಲಿ ಹೃದಯಾಘಾತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇತ್ತು. ಹಣ್ಣು ತಿನ್ನುವವರು ಬೇರೆ ವಿಷಯದಲ್ಲೂ ಆರೋಗ್ಯ ನೋಡಿಕೊಳ್ಳುವವರಿರಬಹುದು, ಅಲ್ವಾ? ಅವರು ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಆದರೂ ಅನುಮಾನ ಪೂರ್ತಿ ಹೋಗುವುದಿಲ್ಲ. 2019ರಲ್ಲಿ ಇಂಗ್ಲೆಂಡಿನಲ್ಲಿ ಆರು ತಿಂಗಳು ದಿನಾ 150 ಗ್ರಾಂ ಬ್ಲೂಬೆರಿಗೆ ಸಮನಾದ ಪುಡಿ ಕೊಟ್ಟು ನೋಡಿದರು. ರಕ್ತನಾಳಗಳು ಹಿಗ್ಗುವ ಶಕ್ತಿ ಸುಧಾರಿಸಿತು, ಇನ್ಸುಲಿನ್ ವಿಷಯದಲ್ಲಿ ಏನೂ ಬದಲಾಗಲಿಲ್ಲ.

ಮಂಡಿಗೆ ಹತ್ತಿರದ್ದು 2017ರ ಒಂದು ಪ್ರಯೋಗ. ಮಂಡಿ ಸವೆತವಿದ್ದ ದಪ್ಪ ಮೈಯವರು 12 ವಾರ ದಿನಾ 50 ಗ್ರಾಂ ಒಣ ಸ್ಟ್ರಾಬೆರಿ ಪುಡಿ ಕುಡಿದರು. ನೋವು ಇಳಿಯಿತು, ರಕ್ತದಲ್ಲಿ ಉರಿಯೂತದ ಕೆಲವು ಗುರುತುಗಳೂ ಇಳಿದವು. ಕೇಳಲು ಚೆನ್ನಾಗಿದೆ. ಆದರೆ ಇದ್ದವರು 17 ಜನ. ಇನ್ನು ಆ 50 ಗ್ರಾಂ ಪುಡಿ ಎಂದರೆ ಹೆಚ್ಚುಕಡಿಮೆ ಅರ್ಧ ಕಿಲೋ ಹಣ್ಣು! ಒಂದು ಕ್ಯಾಪ್ಸೂಲಿನಲ್ಲಿ ಹಿಡಿಸುವುದು ಅರ್ಧ ಗ್ರಾಮೋ ಒಂದು ಗ್ರಾಮೋ. ಡಬ್ಬಿಯ ಮೇಲೆ ಬರೆದದ್ದಕ್ಕೂ ಈ ಪ್ರಯೋಗಕ್ಕೂ ಎಲ್ಲಿಯ ಸಂಬಂಧ?

ನೇರಳೆಯಲ್ಲಿ ಇದೇ ಗುಂಪಿನ ಬಣ್ಣಗಳು ಧಾರಾಳವಾಗಿವೆ, ಮುಖ್ಯವಾಗಿ ಸಿಪ್ಪೆಯಲ್ಲಿ. ಹಿಪ್ಪುನೇರಳೆಯಲ್ಲಿ, ಪುನರ್ಪುಳಿಯ ಸಿಪ್ಪೆಯಲ್ಲಿ, ಬೇಲಿ ಬದಿಯ ಕಪ್ಪು ಕಾಡು ರಾಸ್‌ಬೆರಿಯಲ್ಲೂ ಇವೆ. ಇವುಗಳ ಮೇಲೆ ದೊಡ್ಡ ಪ್ರಯೋಗಗಳಾಗಿಲ್ಲ, ಬ್ಲೂಬೆರಿ ಬೆಳೆಗಾರರಿಗಿರುವ ದುಡ್ಡು ನೇರಳೆ ಮರಕ್ಕೆಲ್ಲಿ? ಸಿಕ್ಕ ಕಾಲದಲ್ಲಿ ಸಿಪ್ಪೆ ಸಮೇತ ಒಂದು ಬಟ್ಟಲು ತಿನ್ನಲಿ. ಮಿಕ್ಕದ್ದನ್ನು ಫ್ರೀಜರ್‌ನಲ್ಲಿಡಿ, ಬಣ್ಣ ಬಹುಪಾಲು ಉಳಿಯುತ್ತದೆ. ಕುದಿಸಿ ಜಾಮ್ ಮಾಡಿದರೆ ಸಾಕಷ್ಟು ಹೋಗುತ್ತದೆ, ಸಕ್ಕರೆ ಬೇರೆ ಸೇರುತ್ತದೆ.

ಮದ್ದುಸೊಪ್ಪು, ನಿಮ್ಮ ಕಡೆಯ ಆಟಿಸೊಪ್ಪು, ಬೇರೆಯೇ ಕಥೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟರ ಹಬ್ಬದಂದು ಅದರ ಪಾಯಸ ನಾನೂ ಬಿಡುವವನಲ್ಲ. ಅದು ಹಣ್ಣಲ್ಲ, ಅದರ ಮೇಲಿನ ಕೆಲಸ ಹೆಚ್ಚಾಗಿ ಪ್ರಯೋಗಾಲಯದ ಮಟ್ಟದ್ದು. ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತು ಎನ್ನುತ್ತಾರೆ. ಬಣ್ಣ ಮೂತ್ರಪಿಂಡ ದಾಟಿತು ಎನ್ನುವುದಕ್ಕೆ ಅದು ಸಾಕ್ಷಿ, ಮಂಡಿಯಲ್ಲಿ ಕೆಲಸ ಮಾಡಿತು ಎನ್ನುವುದಕ್ಕಲ್ಲ. ಹಬ್ಬಕ್ಕೆ ಖುಷಿಯಾಗಿ ತಿನ್ನಿ.

ಕ್ಯಾಪ್ಸೂಲಿನ ಬಗ್ಗೆ ನನಗೆ ಭಯ ಬರುವುದು ಕಾಚಂಪುಳಿ ಎಂಬ ನಮ್ಮ ಕೊಡಗಿನ ಹಣ್ಣಿನ ಹುಳಿರಸದಿಂದಲೇ. ಪಂದಿ ಕರಿಗೆ ಒಂದೆರಡು ಚಮಚ ಹಾಕಿ ತಲೆತಲಾಂತರದಿಂದ ತಿನ್ನುತ್ತಿದ್ದೇವೆ. ಅದೇ ಹಣ್ಣಿನ ಸಾರವನ್ನು ಗಾರ್ಸೀನಿಯಾ ಕಾಂಬೋಜಿಯಾ ಎಂಬ ಹೆಸರಲ್ಲಿ, ತೂಕ ಇಳಿಸುವ ಕ್ಯಾಪ್ಸೂಲಾಗಿ ವಿದೇಶಗಳಲ್ಲಿ ಮಾರಿದರು. ಅದನ್ನು ನುಂಗಿದ ಕೆಲವರಿಗೆ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಬ್ಲೂಬೆರಿ ಹಾಗೆ ಮಾಡುತ್ತದೆ ಎನ್ನುತ್ತಿಲ್ಲ. ಸಾರ ತೆಗೆದು ಗಟ್ಟಿ ಮಾಡಿದ್ದು ಅಡುಗೆಮನೆಯ ಹಣ್ಣಿನಷ್ಟು ಸಾಧು ಎಂದು ಸುಮ್ನೆ ನಂಬಬೇಡಿ, ಅಷ್ಟೇ.

ಅತ್ತೆಯವರಿಗೆ ಸಕ್ಕರೆ ಕಾಯಿಲೆಯೂ ಇದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ನೇರಳೆ ಬೀಜದ ಪುಡಿಯನ್ನು ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಕೊಡುವ ಮುಂಚೆ ಡಾಕ್ಟರನ್ನು ಕೇಳಿ, ಸಕ್ಕರೆ ತೀರಾ ಇಳಿಯಬಾರದು. ನೋವಿನ ಮಾತ್ರೆ ದಿನಾ ನುಂಗುತ್ತಿದ್ದರೆ ಮೂತ್ರಪಿಂಡದ ಪರೀಕ್ಷೆ ಯಾವಾಗ ಮಾಡಿಸಬೇಕು ಎಂದೂ ಅದೇ ಭೇಟಿಯಲ್ಲಿ ಕೇಳಿಬಿಡಿ. ಡಬ್ಬಿಯ ಸೀಲ್ ಇನ್ನೂ ಒಡೆದಿಲ್ಲವಾದರೆ ವಾಪಸ್ ಕೊಡಲು ಮಗನಿಗೆ ಹೇಳಿ.